ಹಸಿರು ಮೊಣಕಾಲು

ಎಫ್‌ಸಿ ಆಲ್ಟ್‌ರೈನ್ ಫುಟ್‌ಬಾಲ್ ಕ್ಲಬ್ಬು ಒಂದು ಕುಟುಂಬ. ಸ್ಟೇಡಿಯಮ್ಮಿನ ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಹಾಗೆಂದು ಬರೆದಿದ್ದಾರೆ. ಬರೆದ ಮೇಲೆ ಅನುಮಾನ ಪಡುವ ಹಾಗಿಲ್ಲ. ಮ್ಯಾನ್‌ಹೈಮಿನಿಂದ ಎಸ್-ಬಾನ್ ರೈಲು ಹತ್ತಿದರೆ ಇಪ್ಪತ್ತು ನಿಮಿಷಕ್ಕೆ ಸಿಗುವ ಈ ಕುಟುಂಬದಲ್ಲಿ ಮಕ್ಕಳನ್ನು ಹದಿನೆಂಟಕ್ಕೆ ಕೊಂಡು ಇಪ್ಪತ್ತಕ್ಕೆ ಮಾರುತ್ತಾರೆ. ನಡುವಿನ ಎರಡು ವರ್ಷ ಅಪಾರ ಪ್ರೀತಿಯಿಂದ ಸಾಕುತ್ತಾರೆ. ಎಷ್ಟು ಹೊತ್ತು ಮಲಗಿದ, ಎಷ್ಟು ನೀರು ಕುಡಿದ, ಎಡಗಾಲಿನ ಮೇಲೆ ಎಷ್ಟು ಭಾರ ಹಾಕಿದ, ಎಲ್ಲವನ್ನೂ ಅಳೆಯುತ್ತಾರೆ. ಹೆತ್ತ ತಾಯಿಯೂ ಇಷ್ಟು ಅಳೆದಿರಲಾರಳು.

ಈ ಪ್ರೀತಿಯನ್ನು ಅಳೆಯುವ ಕೆಲಸ ಮೈಸೂರಿನ ಯಶವಂತನದು. ಇದಕ್ಕೆ ಮುಂಚೆ ಅವನು ಒಂದು ಗೋದಾಮಿನಲ್ಲಿ ಸರಕು ಎತ್ತುವ ನೂರಿಪ್ಪತ್ತು ಫೋರ್ಕ್‌ಲಿಫ್ಟ್ ಗಾಡಿಗಳ ಸವೆತ ನೋಡಿಕೊಳ್ಳುತ್ತಿದ್ದ. ಸಾಫ್ಟ್‌ವೇರ್ ಬಹುಮಟ್ಟಿಗೆ ಅದೇ. ಚಕ್ರ ಅಂತ ಇದ್ದ ಕಡೆ ಕಾಲು ಅಂತ ಹಾಕಿದ್ದರು. ದಿನಾ ಬೆಳಿಗ್ಗೆ ಆಟಗಾರರು ಬಟ್ಟೆ ಬದಲಿಸುವ ಕೋಣೆಯ ಪರದೆಯ ಮೇಲೆ ಇಪ್ಪತ್ತಾರು ಹೆಸರು ಮೂಡುತ್ತಿದ್ದವು. ಹಸಿರು ಬಂದವನು ಆಡಬೇಕು, ಹಳದಿ ಬಂದವನು ಹುಷಾರಾಗಿ ಆಡಬೇಕು, ಕೆಂಪು ಬಂದವನು ಡಾಕ್ಟರ ಹತ್ತಿರ ಹೋಗಬೇಕು. ಮೈ ನೆಟ್ಟಗಿದ್ದಾಗ ಆಟಗಾರ ಓಡಿದ್ದಕ್ಕೂ ಈಗ ಓಡುತ್ತಿರುವುದಕ್ಕೂ ಎಷ್ಟು ವ್ಯತ್ಯಾಸ ಎಂಬುದೇ ಬಣ್ಣದ ಲೆಕ್ಕಾಚಾರ.

ಕೋರ್ಮಾಕ್ ಲಾಫ್ನನ್‌ನ ಹೆಸರು ಮೂರು ವಾರದಿಂದ ಹಸಿರು.

ಕೋರ್ಮಾಕ್ ಐರ್ಲೆಂಡಿನ ಪಶ್ಚಿಮ ಕಡಲ ಊರು ಸ್ಲೈಗೋದವನು, ಬಸ್ ಡ್ರೈವರನ ಮಗ. ಆಡುವುದು ಮಿಡ್‌ಫೀಲ್ಡಿನಲ್ಲಿ: ಹಿಂದಿನವರಿಂದ ಚೆಂಡು ಈಸಿಕೊಂಡು ಮುಂದಿನವರಿಗೆ ಕೊಡುವವನು, ಗೋಲು ಹೊಡೆದವನ ಫೋಟೋದಲ್ಲಿ ಅರ್ಧ ಭುಜ ಮಾತ್ರ ಕಾಣುವವನು. ಹದಿನಾರಕ್ಕೆ ಊರಿನ ಟೀಮು, ಹದಿನೆಂಟಕ್ಕೆ ಜರ್ಮನಿ, ಕಳೆದ ಮಾರ್ಚಿನಲ್ಲಿ ಇಪ್ಪತ್ತೊಂದರೊಳಗಿನವರ ಐರಿಷ್ ತಂಡ. ನವೆಂಬರಿನಲ್ಲಿ ಇಂಗ್ಲೆಂಡಿನ ದೊಡ್ಡ ಕ್ಲಬ್ಬೊಂದು ಅವನನ್ನು ಕೇಳಿತು. ಡಿಸೆಂಬರಿನಲ್ಲಿ ಅವನ ಎಡ ಮೊಣಕಾಲು ಯಾರನ್ನೂ ಕೇಳದೆ ನೋಯತೊಡಗಿತು. ಪರದೆಯೂ ಹಳದಿಗೆ ತಿರುಗಿತು.

ಜನವರಿಯ ಮೊದಲ ವಾರ ಕ್ಲಬ್ಬಿನ ಕೊಡುಕೊಳ್ಳುವ ವ್ಯವಹಾರವನ್ನೆಲ್ಲ ನೋಡುವ ಹೆರ್ ಫೋಲ್ಕರ್ಟ್ ಕೈಯಲ್ಲಿ ಕೇಕಿನ ತುಂಡು ಹಿಡಿದು ಯಶವಂತನ ಮೇಜಿಗೆ ಬಂದರು.

"ಕೋರ್ಮಾಕನ ಹೋಲಿಕೆಯ ಅವಧಿ ಹಳೆಯದಾಯಿತು, ಯಶ್. ಸೆಪ್ಟೆಂಬರಿನ ಹುಡುಗನಿಗೆ ಈಗಿನ ಹುಡುಗನನ್ನು ಹೋಲಿಸುವುದು ನ್ಯಾಯವಲ್ಲ. ಡಿಸೆಂಬರಿಗೆ ಹೋಲಿಸಿ. ಇದರಲ್ಲಿ ಸುಳ್ಳೇನೂ ಇಲ್ಲವಲ್ಲ?"

ಸುಳ್ಳೇನೂ ಇರಲಿಲ್ಲ. ಕೊಳ್ಳುವವರಿಗೆ ಬಣ್ಣದ ಪಟ್ಟಿ ಕಳಿಸಬೇಕಿತ್ತು, ಅಷ್ಟೆ. ಯಶವಂತನ ಪ್ರೊಬೆಟ್ಸೈಟ್ ಮುಗಿಯಲು ಇನ್ನೂ ಎರಡು ತಿಂಗಳಿತ್ತು. ಪ್ರೊಬೆಟ್ಸೈಟ್ ಅಂದರೆ ಕಾರಣ ಹೇಳದೆ ಮನೆಗೆ ಕಳಿಸಬಹುದಾದ ಮೊದಲ ಆರು ತಿಂಗಳು. ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿಯ ಮೇಲೆ ಬಂದವನಿಗೆ ಆ ಮನೆ ಮೈಸೂರಿನಲ್ಲಿರುತ್ತದೆ. ಅವನು ಅವಧಿಯ ಮೊದಲ, ಕೊನೆಯ ಎರಡು ತಾರೀಖು ಬದಲಿಸಿದ. ಕೇಕು ಚೆನ್ನಾಗಿತ್ತು.

ಜನವರಿಯ ಕೊನೆಯ ಗುರುವಾರ ಕೋರ್ಮಾಕ್ ಯಶವಂತನ ಕೋಣೆಗೆ ಬಂದು ಬಾಗಿಲು ಮುಚ್ಚಿದ.

"ಯಶ್, ಒಂದು ಕೇಳ್ತೀನಿ, ನಗಬಾರದು. ಮೆಟ್ಟಿಲು ಇಳಿಯೋವಾಗ ಮೊಣಕಾಲು ಲಾಕ್ ಆಗುತ್ತೆ."

"ಟ್ರೇನರಿಗೆ ಹೇಳಿದ್ಯಾ?"

"ಹೇಳ್ದೆ. ಸ್ಕ್ರೀನ್ ತೋರಿಸಿದ್ರು. ಹಸಿರು. ನೋವು ಕಾಲಲ್ಲಿಲ್ಲ, ತಲೇಲಿದೆ ಅಂತ ಮೈಂಡ್ ಕೋಚ್ ಹತ್ರ ಕಳಿಸಿದ್ರು. ವಾರಕ್ಕೆ ಮೂರು ಸಲ. ಇಂಗ್ಲೆಂಡಿಗೆ ಹೋಗೋ ಭಯಾನೇ ನೋವಾಗಿ ಕಾಣ್ತಿದೆಯಂತೆ."

"ಅಲ್ಲೇನ್ ಮಾಡಿಸ್ತಾರೆ?"

"ಕಣ್ಣು ಮುಚ್ಕೊಂಡು ಮೊಣಕಾಲಿಗೆ ಥ್ಯಾಂಕ್ಸ್ ಹೇಳಬೇಕು. ದಿನಾ ಇಪ್ಪತ್ತು ಸಲ ಹೇಳ್ತಿದೀನಿ. ಅದು ವಾಪಸ್ ಏನೂ ಅನ್ನಲ್ಲ." ಕೋರ್ಮಾಕ್ ತಾನೇ ನಕ್ಕ. ಆಮೇಲೆ ನಗು ನಿಲ್ಲಿಸಿದ. "ನಾಡಿದ್ದು ಶನಿವಾರ ಇಂಗ್ಲೆಂಡಿನವರು ನೋಡೋಕೆ ಬರ್ತಾರೆ. ತೊಂಬತ್ತು ನಿಮಿಷ ಪೂರ್ತಿ ಆಡಬೇಕು. ನಿನ್ನ ಮೆಷಿನ್ ತಪ್ಪು ಹೇಳಲ್ಲ ಅಲ್ವಾ? ನನ್ನ ತಲೇನೇ ಕೆಟ್ಟಿದೆ ಅಂದ್ಬಿಡು. ಆಡ್ತೀನಿ."

ಯಶವಂತನಿಗೆ ಈ ಪ್ರಶ್ನೆಯ ಅಭ್ಯಾಸವಿರಲಿಲ್ಲ. ನೂರಿಪ್ಪತ್ತು ಫೋರ್ಕ್‌ಲಿಫ್ಟ್‌ಗಳಲ್ಲಿ ಒಂದಾದರೂ ಬಂದು ನನ್ನ ತಲೆ ಸರಿಯಿದೆಯಾ ಅಂತ ಕೇಳಿದ್ದಿಲ್ಲ. "ನಾಳೆ ಹೇಳ್ತೀನಿ ಮಗಾ," ಎಂದ. ಮಗಾ ಅನ್ನುವುದು ಮಾತ್ರ ಕನ್ನಡದಲ್ಲಿ ಬಂತು.

ಹುಡುಗ ಹೋದ ಮೇಲೆ ಯಶವಂತ ಮ್ಯಾನ್‌ಹೈಮಿನ ಮೂಳೆ ಡಾಕ್ಟರು ಕಾಂತಾಮಣಿಯವರಿಗೆ ಫೋನು ಮಾಡಿದ. ಮೂವತ್ತು ವರ್ಷ ಜರ್ಮನರ ಮೊಣಕಾಲು ರಿಪೇರಿ ಮಾಡಿಯೂ ಧಾರವಾಡದ ನಾಲಿಗೆ ಬಿಟ್ಟುಕೊಡದ ಹೆಂಗಸು. ಸ್ನೇಹಿತನೊಬ್ಬನ ವಿಷಯ ಎಂದು ಶುರುಮಾಡಿ ಎಲ್ಲವನ್ನೂ ಹೇಳಿದ.

"ಅಂದ್ರ, ಕುಂಟೂ ಹುಡುಗನ್ನ ಕುಂಟೂ ಹುಡುಗಗ ಹೋಲಿಸಿ, ಏನೂ ಫರಕ್ ಇಲ್ಲ ಅಂತ ಪಾಸ್ ಮಾಡ್ಯಾನ ನಿನ್ನ ಸ್ನೇಹಿತ."

"ಹಂಗೆ ಅಲ್ಲ ಮೇಡಂ, ಟೆಕ್ನಿಕಲಿ..."

"ಭಾಳ ಶಾಣ್ಯಾ ಇದ್ದಾನ ಬಿಡು. ಲಾಕ್ ಆಗೋದು ತಲಿಯೊಳಗಿಂದಲ್ಲೋ, ಮೊಣಕಾಲಿನ ಮೆತ್ತಿ ಹರಿದಿದ್ರ ಆಗೂದು. ಅದರ ಮ್ಯಾಲೆ ತೊಂಬತ್ತು ನಿಮಿಷ ಓಡಿದ್ರ ಆ ಹುಡುಗ ಮುಂದ ಬಸ್ಸಿಗೂ ಓಡಂಗಿಲ್ಲ. ನಾಳೆ ಮುಂಜಾನೆ ಕರ್ಕೊಂಡು ಬಾ. ನಿನ್ನ ಸ್ನೇಹಿತನ್ನೂ ಕರ್ಕೊಂಡು ಬಾ, ಮಾರಿ ನೋಡಬೇಕಾಗೇದ."

ಶುಕ್ರವಾರ ಬೆಳಿಗ್ಗೆ ಪರದೆಯ ಮೇಲೆ ಇಪ್ಪತ್ತೈದು ಹೆಸರು ಹಸಿರಿದ್ದವು, ಕೋರ್ಮಾಕನದೊಂದು ಕೆಂಪಿತ್ತು. ತಾರೀಖು ಎರಡೂ ಮೊದಲಿನ ಜಾಗಕ್ಕೆ ಮರಳಿದ್ದವು. ಕೋಣೆಯ ಹೊರಗಿನ ಕಾರಿಡಾರಿನಲ್ಲಿ ಯಶವಂತ ಕೋರ್ಮಾಕನಿಗೆ ಎರಡು ಗೆರೆ ತೋರಿಸಿದ: ಇದು ಸೆಪ್ಟೆಂಬರಿನ ನೀನು, ಇದು ಈಗಿನ ನೀನು. ಈ ಮೇಲಿನ ಗೆರೆಯನ್ನು ಮೂರು ವಾರದ ಹಿಂದೆ ನಾನೇ ತೆಗೆದಿಟ್ಟಿದ್ದೆ, ಎಂದ.

ಕೋರ್ಮಾಕ್ ಎರಡೂ ಗೆರೆಗಳ ಮೇಲೆ ಬೆರಳಾಡಿಸಿದ.

"ಅಂದ್ರೆ ನೋವು ನಿಜ."

"ನಿಜ."

"ಅಮ್ಮನಿಗೆ ಫೋನ್ ಮಾಡಿ ನನಗೆ ತಲೆ ಸರಿಯಿಲ್ಲ ಅಂತ ಹೇಳಿದೀನಿ, ಯಶ್. ಅವಳು ಚರ್ಚಿಗೆ ಹೋಗಿ ಮೇಣದಬತ್ತಿ ಹಚ್ತಿದಾಳೆ."

ಹೊಡೆದಿದ್ದರೆ ಯಶವಂತನಿಗೆ ಹಗುರವಾಗುತ್ತಿತ್ತು. ಹುಡುಗ ಆ ಉಪಕಾರ ಮಾಡಲಿಲ್ಲ.

ಹನ್ನೊಂದು ಗಂಟೆಗೆ ಕಾಂತಾಮಣಿ ಸ್ಕ್ಯಾನಿನ ಚಿತ್ರ ನೋಡಿ ಇಂಗ್ಲಿಷಿನಲ್ಲಿ ಹುಡುಗನಿಗೆ ಹೇಳಿದರು: ಮೆತ್ತೆ ಹರಿದಿದೆ, ಹೊಲಿಯಬೇಕು, ಆರು ತಿಂಗಳು. ಡಿಸೆಂಬರಿನಲ್ಲಿ ಬಂದಿದ್ದರೆ ಮೂರೇ. ಶನಿವಾರದ ನಂತರ ಬಂದಿದ್ದರೆ ಲೆಕ್ಕ ಹಾಕುವ ಅಗತ್ಯವಿರುತ್ತಿರಲಿಲ್ಲ. ಆಮೇಲೆ ಯಶವಂತನತ್ತ ತಿರುಗಿ, "ಎಲ್ಲಿದ್ದಾನ ನಿನ್ನ ಆ ಸ್ನೇಹಿತ?" ಎಂದು ಕನ್ನಡದಲ್ಲಿ ಕೇಳಿದರು. ಅವನ ಮುಖ ನೋಡಿ, ಸಾಕು ಎನ್ನುವಂತೆ ಕೈಯಾಡಿಸಿದರು.

ಇಂಗ್ಲೆಂಡಿನ ಕ್ಲಬ್ಬು ಮಧ್ಯಾಹ್ನದೊಳಗೆ ಬಹಳ ಸಭ್ಯವಾದ ಎರಡು ಸಾಲಿನಲ್ಲಿ ಹಿಂದೆ ಸರಿಯಿತು. ಆಲ್ಟ್‌ರೈನ್ ಕೂಡ ತನ್ನ ವೆಬ್‌ಸೈಟಿನಲ್ಲಿ ಕೋರ್ಮಾಕನ ನಗುಮುಖ ಹಾಕಿ, ಕಷ್ಟದ ಕಾಲದಲ್ಲಿ ನಾವೆಲ್ಲ ನಿನ್ನೊಂದಿಗೆ ಎಂದು ಬರೆಯಿತು. ನಾವೆಲ್ಲರ ಪರವಾಗಿ ಹೆರ್ ಫೋಲ್ಕರ್ಟ್ ಎರಡು ಗಂಟೆಗೆ ಖುದ್ದಾಗಿ ಕ್ಲಿನಿಕ್ಕಿಗೆ ಬಂದರು. ಕೈಯಲ್ಲಿ ಈ ಸಲ ಕೇಕಿರಲಿಲ್ಲ, ಎರಡು ಕಾಗದವಿತ್ತು.

ಒಂದು ಒಪ್ಪಂದ. ಜೂನಿನಲ್ಲಿ ಮುಗಿಯಬೇಕಿದ್ದದ್ದನ್ನು ಇನ್ನೊಂದು ವರ್ಷ ಮುಂದುವರಿಸುವುದು. ಕೆಟ್ಟ ಮೊಣಕಾಲಿನ ಇಪ್ಪತ್ತರ ಹುಡುಗನಿಗೆ ಜರ್ಮನಿಯಲ್ಲಿ ಬೇರೆ ಯಾರೂ ಇದನ್ನು ಕೊಡುವುದಿಲ್ಲ ಎಂಬುದು ಕೋರ್ಮಾಕನಿಗೂ ಗೊತ್ತಿತ್ತು. ಇನ್ನೊಂದು ಉನ್‌ಫಾಲ್‌ಆನ್‌ತ್ಸೈಗೆ, ಕೆಲಸದಲ್ಲಿ ಗಾಯವಾಯಿತೆಂದು ವಿಮೆಯ ಕಚೇರಿಗೆ ಬರೆದುಕೊಡುವ ಅರ್ಜಿ. ಅದನ್ನು ಫೋಲ್ಕರ್ಟ್ ಶ್ರಮವಹಿಸಿ ತಾವೇ ತುಂಬಿಕೊಂಡು ತಂದಿದ್ದರು. ನೋವು ಶುರುವಾದ ದಿನ: ಇವತ್ತು, ಬೆಳಗಿನ ಅಭ್ಯಾಸದಲ್ಲಿ. ಹಾಗಿದ್ದರೆ ನೋವು ಗೊತ್ತಿದ್ದೂ ಆಡಿಸಿದಿರಾ ಎಂದು ಕ್ಲಬ್ಬನ್ನು ಯಾರೂ ಕೇಳುವಂತಿಲ್ಲ.

"ಇವತ್ತು ನಾನು ಅಭ್ಯಾಸಕ್ಕೇ ಇಳಿದಿಲ್ಲ," ಎಂದ ಕೋರ್ಮಾಕ್.

"ಅದೊಂದು ಔಪಚಾರಿಕತೆ. ಎರಡೂ ಕಡೆ ಸಹಿ ಹಾಕು, ನೆಮ್ಮದಿಯಾಗಿ ಆಪರೇಶನ್ ಮಾಡಿಸಿಕೋ. ಕ್ಲಬ್ಬು ನಿನ್ನನ್ನು ನೋಡಿಕೊಳ್ಳುತ್ತದೆ."

"ಅರ್ಜಿಗೆ ಮಾತ್ರ ಹಾಕದಿದ್ರೆ?"

"ಎರಡೂ ಒಟ್ಟಿಗೇ ಇವೆ," ಎಂದರು ಫೋಲ್ಕರ್ಟ್, ಪಿನ್ನು ಹೊಡೆದ ಮೂಲೆಯನ್ನು ತೋರಿಸಿ.

ಕೋರ್ಮಾಕ್ ಪಿನ್ನನ್ನು ಉಗುರಿನಿಂದ ಬಿಡಿಸಿದ. ಒಪ್ಪಂದವನ್ನು ಮಡಚದೆ, ಹರಿಯದೆ, ಅವರ ಕಡೆಗೆ ಸರಿಸಿದ. ಅರ್ಜಿಯಲ್ಲಿದ್ದ ತಾರೀಖಿನ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಡಿಸೆಂಬರ್ ಒಂಬತ್ತು ಎಂದು ದುಂಡಗೆ ಬರೆದ.

"ಹೆರ್ ಫೋಲ್ಕರ್ಟ್, ನೋಯ್ತಿದೆ ಅಂತ ಮೂರು ವಾರ ಹೇಳ್ದೆ, ಇಲ್ಲ ಅಂದ್ರಿ. ಈಗ ಇವತ್ತು ನೋಯೋಕೆ ಶುರುವಾಯ್ತು ಅಂತ ನೀವೇ ಹೇಳಿಕೊಡ್ತಿದೀರಿ. ಯಾವಾಗ ನೋಯ್ತು ಅನ್ನೋದು ನನಗೆ ಬಿಡಿ."

"ಜುಲೈನಲ್ಲಿ ನೀನು ಎಲ್ಲಿರುತ್ತೀಯ ಅಂತ ಯೋಚಿಸಿದೆಯಾ?"

"ಸ್ಲೈಗೋದಲ್ಲಿ. ಅಪ್ಪನ ಸೋಫಾ ಮೇಲೆ." ಅಷ್ಟು ಹೇಳಿ ಅರ್ಜಿಗೆ ನೆಟ್ಟಗೆ ಸಹಿ ಹಾಕಿದ.

ಅರ್ಜಿಯ ಕೆಳಗೆ ಸಾಕ್ಷಿಗೆಂದು ಒಂದು ಕಿರಿದಾದ ಚೌಕವಿತ್ತು. ಕೋರ್ಮಾಕ್ ಯಶವಂತನ ಮುಖ ನೋಡಲಿಲ್ಲ. ಕಾಗದವನ್ನೂ ಪೆನ್ನನ್ನೂ ಅವನತ್ತ ತಳ್ಳಿದ, ಅಷ್ಟೆ.

"ಸಾಕ್ಷಿ ಕಡ್ಡಾಯವಲ್ಲ, ಯಶ್," ಎಂದರು ಫೋಲ್ಕರ್ಟ್, ಮೃದುವಾಗಿ.

ಯಶವಂತ ಹೆಸರು ಬರೆದ. ಹೆಸರಿನ ಕೆಳಗೆ ತಾನು ಬದಲಿಸಿದ ಎರಡು ತಾರೀಖನ್ನೂ, ಬದಲಿಸಲು ಹೇಳಿದವರು ಯಾರೆಂಬುದನ್ನೂ ಬರೆಯತೊಡಗಿದ. ಚೌಕ ಸಾಲದಾಯಿತು. ಕಾಗದ ತಿರುವಿ, ಅದರ ಹಿಂಬದಿಯಲ್ಲಿ ಮುಂದುವರಿಸಿದ.