ಜಂಬುನಾಥ ಮುಚ್ಚಿದ ತೂತು

ಹಡಗಲಿ ಸೀಮೆಯ ಮಲ್ಲಿಗೆ ತೋಟಗಳಿಗೆ ಹನಿ ನೀರಾವರಿ ಪೈಪು ಜೋಡಿಸುವುದರಲ್ಲಿ ಜಂಬುನಾಥನನ್ನು ಮೀರಿಸುವವರಿಲ್ಲ. ಹಾಗಂತ ಅವನೇ ಹೇಳಿಕೊಳ್ಳುತ್ತಿದ್ದ, ಜನರೂ ನಂಬಿದ್ದರು. ಹಾಗಾಗಿಯೇ ಹಲ್ಲಿನ ಡಾಕ್ಟರು ಗುರುಬಸವರಾಜ ತಮ್ಮ ದವಾಖಾನೆಯ ಹವಳದ ತೊಟ್ಟಿಗೂ ಅವನನ್ನೇ ಕರೆದರು.

ಆಳೆತ್ತರದ ಆ ಗಾಜಿನ ತೊಟ್ಟಿಯ ತುಂಬ ಉಪ್ಪುನೀರು, ಅದರಲ್ಲಿ ಜೀವಂತ ಹವಳ. ಕೆಳಗಿನ ಕಪಾಟಿನಲ್ಲಿ ಇನ್ನೊಂದು ಸಣ್ಣ ತೊಟ್ಟಿ. ಮೇಲಿಂದ ತುಳುಕಿದ ನೀರು ಅಲ್ಲಿಗೆ ಇಳಿಯುತ್ತದೆ, ಪಂಪು ಅದನ್ನು ತಿರುಗಿ ಮೇಲಕ್ಕೆ ಕಳಿಸುತ್ತದೆ. ಹವಳದ ಬುಡದಲ್ಲಿ ಹೊಲಸು ಕೂಡುತ್ತದೆ, ನೀರು ಅಲ್ಲಿಯೂ ಓಡಾಡಬೇಕು ಅನ್ನುವುದು ಡಾಕ್ಟರ ಚಿಂತೆ.

"ನೀರು ಎಲಿಗಲ್ರೀ, ಬೇರಿಗಿ ಕೊಡಬೇಕು," ಎಂದ ಜಂಬುನಾಥ. ಪಂಪಿನ ನೀರನ್ನು ಮೇಲಕ್ಕೆ ತರುವ, ನೀರಿನ ಮಟ್ಟದಲ್ಲಿದ್ದ ಪೈಪಿನ ಬಾಯಿಯನ್ನು ತೊಟ್ಟಿಯ ತಳದವರೆಗೆ ಇಳಿಸಿದ. ಪೈಪಿನ ಮೇಲ್ಭಾಗದಲ್ಲಿ ಒಂದು ಸಣ್ಣ ತೂತಿನಿಂದ ನೀರು ಚಿರ್ರೆಂದು ಚಿಮ್ಮುತ್ತಿತ್ತು. ಹನಿ ನೀರಿಗೂ ಲೆಕ್ಕ ಇಡುವವನು, ಸೋರುವುದನ್ನು ಕಂಡರೆ ಅವನ ಕೈ ಸುಮ್ಮನಿರುತ್ತದೆಯೇ? ಯಾರನ್ನೂ ಕೇಳದೆ ಎಂ-ಸೀಲ್ ಅಂಟು ಮೆತ್ತಿ ಮುಚ್ಚಿದ. ಹವಳದ ಎಸಳುಗಳು ಬುಡದಿಂದ ತೂಗಾಡಿದವು, ಡಾಕ್ಟರು ಬೆನ್ನು ತಟ್ಟಿದರು.

ಮರುದಿನ ಮಧ್ಯಾಹ್ನ ಅವನು ಹೊಳಲಿನ ಚೌಡಣ್ಣನ ಮಲ್ಲಿಗೆ ತೋಟದಲ್ಲಿದ್ದ. ಚೌಡಣ್ಣ ಮೋಟರು ಬಂದ್ ಮಾಡಿದ್ದೇ ತಡ, ಪೈಪುಗಳು ಗೊರ್ರೆಂದು ಕೆಸರನ್ನು ಒಳಕ್ಕೆ ಎಳೆದುಕೊಂಡವು.

"ಏನಪಾ ಇದು, ನೀರು ತಿರುಗಿ ಹೊಂಟೈತಿ?"

"ಏರ್ ವಾಲ್ವ್ ಕಟ್ಟೈತಿ. ಗಾಳಿ ಹೋಗಾಕ ದಾರಿ ಇಲ್ದಿದ್ರ ಪೈಪು ನೀರು ಜಗ್ಗತೈತಿ..."

ಹೇಳುತ್ತಿದ್ದಂತೆಯೇ ಜಂಬುನಾಥನಿಗೆ ಹೊಳೆಯಿತು. ಡಾಕ್ಟರ ತೊಟ್ಟಿಯ ಆ ತೂತು ಸೋರಿಕೆಯಲ್ಲ, ಗಾಳಿಯ ದಾರಿ. ಪಂಪು ನಿಂತರೆ ತಳಕ್ಕಿಳಿಸಿದ ಪೈಪು ಇಡೀ ತೊಟ್ಟಿಯ ನೀರನ್ನು ಕೆಳಕ್ಕೆ ಜಗ್ಗುತ್ತದೆ. ಸಣ್ಣ ತೊಟ್ಟಿ ತುಂಬಿ ನೆಲದ ಮೇಲೆ ಹರಿಯುತ್ತದೆ. ಪಂಪಿಗೆ ಕರೆಂಟು ಕೊಡುವ ಬೋರ್ಡು ಇರುವುದೂ ನೆಲದ ಮೇಲೆಯೇ. ಹಡಗಲಿ ಪೇಟೆಯಲ್ಲಿ ಇವತ್ತು ಲೈನ್ ಕೆಲಸ, ಎರಡರಿಂದ ನಾಲ್ಕರವರೆಗೆ ಕರೆಂಟಿಲ್ಲ. ದವಾಖಾನೆಯಲ್ಲಿ ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ಕೂರುತ್ತಾರೆ. ಹಲ್ಲುನೋವೆಂದು ಅವನ ಹೆಂಡತಿ ಶಿವಲೀಲಾ ಈಗ ಅಲ್ಲಿದ್ದಾಳೆ.

ಗಂಟೆ ನಾಲ್ಕಕ್ಕೆ ಹತ್ತು ನಿಮಿಷ. ದಾರಿ ಅರ್ಧ ತಾಸಿನದು. ಫೋನ್ ಹಚ್ಚಿದ. ಐದನೇ ಸಲಕ್ಕೆ ಶಿವಲೀಲಾ ಎತ್ತಿದಳು. ಇಂಜೆಕ್ಷನ್ ಕೊಟ್ಟ ಬಾಯಿ, ಮಾತು ತೊದಲುತ್ತಿತ್ತು.

"ಇಲ್ಲಿ ನೆಲ ಎಲ್ಲಾ ನೀರಾಗೈತ್ರಿ. ನರ್ಸ್ ಸುಮಲತಾ, ನಾನೂ ಕೂಡಿ ಒರಸಾಕತ್ತೀವಿ."

"ಬಿಡು! ಹೊರಗ ಓಡು! ಕರೆಂಟ್ ಬಂದ್ರ ಸಾಯ್ತಿ!" ಅವನಿಗೆ ಅಳುವೇ ಬಂತು. "ನನ್ನವ್ವಾ, ಕೈ ಮುಗೀತೀನಿ, ಓಡು..."

ಆಚೆ ಬಕೆಟ್ ಬಿದ್ದ ಸದ್ದು. ಫೋನ್ ಕಟ್ಟಾಯಿತು. ಮತ್ತೆ ಹಚ್ಚಿದರೆ ರಿಂಗಾಗುತ್ತಿತ್ತು, ಯಾರೂ ಎತ್ತಲಿಲ್ಲ.

ಬೈಕನ್ನು ಅವನು ಹೇಗೆ ಓಡಿಸಿದನೋ ಮೈಲಾರಲಿಂಗನೇ ಬಲ್ಲ. ದಾರಿಯುದ್ದಕ್ಕೂ ಕಣ್ಣಿಗೆ ಕಟ್ಟಿದ್ದು ಒಂದೇ, ಒದ್ದೆ ನೆಲದ ಮೇಲೆ ಅವಳ ಬರಿಗಾಲು. ಹಡಗಲಿ ಮುಟ್ಟಿದಾಗ ಬೇಕರಿಯ ದೀಪ ಉರಿಯುತ್ತಿತ್ತು. ಕರೆಂಟು ಬಂದಿತ್ತು.

ದವಾಖಾನೆಯ ಬಾಗಿಲಲ್ಲಿ ಚಪ್ಪಲಿಗಳು ಸಾಲಾಗಿದ್ದವು, ನೀಲಿ ಪಟ್ಟಿಯ ಅವಳವೂ ಇದ್ದವು. ಒಳಗಿಂದ ಸುಟ್ಟ ವಾಸನೆ. ಜಂಬುನಾಥ ಮೆಟ್ಟಿಲ ಮೇಲೆ ಕುಸಿದು ಕೂತ.

"ರೀ!"

ರಸ್ತೆಯ ಆಚೆ ಬೇವಿನ ಮರದಡಿ ಒಂಬತ್ತು ಮಂದಿ ಬರಿಗಾಲಲ್ಲಿ ನಿಂತಿದ್ದರು. ಡಾಕ್ಟರು, ಸುಮಲತಾ, ದವಡೆ ಬಾತ ಮುದುಕಿ ಕನಕಮ್ಮ, ಮಗು ಎತ್ತಿಕೊಂಡ ಒಬ್ಬಾಕೆ, ಇನ್ನೂ ಕೆಲವರು. ಫೋನನ್ನೂ ಒಳಗೇ ಬಿಟ್ಟು ಬಂದಿದ್ದ ಶಿವಲೀಲಾ ಓಡಿಬಂದು ಅವನ ಕೈ ಹಿಡಿದು ಎಬ್ಬಿಸಿ, ಎಲ್ಲರ ಮುಂದೆ ಕರೆತಂದಳು.

"ಕರೆಂಟ್ ಬಂದ ಕೂಡ್ಲೆ ಬೋರ್ಡು ಢಂ ಅಂತು," ಎಂದರು ಡಾಕ್ಟರು. ಆಮೇಲೆ ಹೊರಗಿನ ಮೀಟರಿನಲ್ಲಿ ಮೇನ್ ಸ್ವಿಚ್ಚು ಇಳಿಸಿದವರು ಅವರೇ. "ನಿನ್ನ ಫೋನ್ ಬರದಿದ್ರ ಮುಗದಿತ್ತು. ಇಷ್ಟೂ ಮಂದಿ ಜೀವ ಉಳಿಸಿದಿ ಜಂಬುನಾಥ."

ಕನಕಮ್ಮ ಅವನಿಗೆ ಕೈ ಮುಗಿದಳು. ಶಿವಲೀಲಾಳ ಮುಖದಲ್ಲಿ ಹೆಮ್ಮೆ ತುಂಬಿತ್ತು. ಸುಮ್ಮನಿದ್ದರೆ ಅಂದೇ ಅವನು ಊರಿಗೆ ದೇವರಾಗುತ್ತಿದ್ದ. ಆದರೆ ಆ ಮುಗಿದ ಕೈಗಳನ್ನು ನೋಡಲು ಅವನಿಂದ ಆಗಲಿಲ್ಲ.

"ನಾ ಉಳಿಸಿಲ್ರಿ. ಪೈಪಿನ ಮ್ಯಾಲಿನ ತೂತು ಗಾಳೀಗಿ ಬಿಟ್ಟಿದ್ದು, ಅದನ್ನ ಮುಚ್ಚಿದಾಂವ ನಾನ. ಅದಕ್ಕ ನೀರು ಹೊರಗ ಬಂತು." ಶಿವಲೀಲಾಳ ಕಡೆ ತಿರುಗಿದ. "ಫೋನ್ ಹಚ್ಚಿದ್ದೂ ಈಕಿ ಒಬ್ಬಾಕಿ ಸಲುವಾಗಿ. ನೀವೆಲ್ಲಾ ಒಳಗ ಇದ್ದೀರಿ ಅನ್ನೋದು ನನಗ ನೆನಪ ಆಗ್ಲಿಲ್ಲ. ನಿಮ್ಮನ್ನ ಹೊರಗ ಕರಕೊಂಡು ಬಂದಾಕಿ ಈಕಿ."

ಮಗುವನ್ನೆತ್ತಿಕೊಂಡಾಕೆ ಎರಡು ಹೆಜ್ಜೆ ಹಿಂದೆ ಸರಿದಳು.

ಶಿವಲೀಲಾ ಅವನ ಕೈ ಬಿಟ್ಟಳು. ಹೋಗಿ ಕನಕಮ್ಮನ ಪಕ್ಕದಲ್ಲಿ ನಿಂತುಕೊಂಡಳು.