ಸಿಮೆಂಟಿನ ಮೂರು ಬೇಸಿಗೆ

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಬೆಳಗಿನ ಪಾಳಿ ಮುಗಿಸಿ ನೋರೀನ್ ಪ್ಲಾಟ್ನರ್ ಮನೆಗೆ ಬಂದಾಗ ಬಾಗಿಲಿಗೆ ಕಿತ್ತಳೆ ಬಣ್ಣದ ಕಾಗದ ಅಂಟಿಸಿತ್ತು. ಒಹಾಯೋ ನದಿಯ ದಂಡೆಯ ಆ ಪುಟ್ಟ ಊರಿನ ಕೆಳಪೇಟೆಯಲ್ಲಿ ಆ ಬಣ್ಣದ ಅರ್ಥ ಎಲ್ಲರಿಗೂ ಗೊತ್ತು. ಹಳೆ ಮನೆಗಳನ್ನು ಹಾಗೇ ಉಳಿಸಿಕೊಳ್ಳಲು ಊರು ನೇಮಿಸಿದ ಮಂಡಳಿಯವರು ಬಂದು ನೋಡಿ ಹೋಗಿದ್ದರು. ಮುಂದಿನ ಗೋಡೆ ಹಾಳಾಗುತ್ತಿದೆ, ಮೊದಲ ಹಿಮ ಬೀಳುವುದರೊಳಗೆ ಸರಿಮಾಡದಿದ್ದರೆ ಮನೆ ಖಾಲಿ ಮಾಡಿಸಲಾಗುವುದು.

ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು. ಸಿಟ್ಟು ಬರಲಿಲ್ಲ, ಸಿಟ್ಟಿಗೂ ಕಸುವು ಬೇಕಲ್ಲ. ಗಂಡ ಬಿಟ್ಟುಹೋದ ವರ್ಷದಿಂದ ಮೂರು ಬೇಸಿಗೆಗಳನ್ನು ಅವಳು ಆ ಗೋಡೆಗೇ ಸುರಿದಿದ್ದಳು. ಇಟ್ಟಿಗೆಗಳ ಸಂದಿನಿಂದ ಹಳೆ ಗಾರೆ ಹಿಟ್ಟಿನಂತೆ ಉದುರುತ್ತಿತ್ತು. ಸಿಮೆಂಟಿನ ಚೀಲ ಹೊತ್ತು ತಂದು, ಏಣಿ ಹತ್ತಿ, ಒಂದೊಂದೇ ಸಂದನ್ನು ತನ್ನ ಕೈಯಾರೆ ತುಂಬಿದ್ದಳು.

ಎದುರುಮನೆಯ ಓಡೆಲ್ ಟಿಬ್ಸ್ ರಸ್ತೆ ದಾಟಿ ಬಂದ. ನಲವತ್ತು ವರ್ಷ ಗಾರೆ ಕೆಲಸ ಮಾಡಿ ಕರಣೆ ಕೆಳಗಿಟ್ಟ ಮುದುಕ.

“ಓದ್ದೆಯಾ?”

“ಓದ್ದೆ. ಅವರಿಗೇನು ಕಣ್ಣಿಲ್ವಾ ಮಿಸ್ಟರ್ ಟಿಬ್ಸ್? ಈ ಬೀದೀಲಿ ನನ್ನ ಗೋಡೆಯಷ್ಟು ಗಟ್ಟಿ ಇನ್ಯಾವುದಿದೆ?”

“ಗಟ್ಟಿ ಮಾಡಿದ್ದೇ ತಪ್ಪಾಯ್ತು ಕಣಮ್ಮಾ.”

ಅವನು ಒಂದು ಇಟ್ಟಿಗೆಗೆ ಉಗುರು ಹಾಕಿದ. ಅದರ ಮುಖ ಒಣ ರೊಟ್ಟಿಯಂತೆ ಎದ್ದು ಬಂತು.

“ಇದು ನದಿ ಕೆಸರಿನ ಇಟ್ಟಿಗೆ, ಮೆತ್ತಗಿನ ಜೀವ. ಮಳೆ ನೀರು ಕುಡಿಯುತ್ತೆ, ಸಂದಿನ ಸುಣ್ಣದ ಗಾರೆಯಿಂದ ಹೊರಗೆ ಬಿಡುತ್ತೆ. ನೀನು ಸಿಮೆಂಟ್ ಹಾಕಿ ಆ ದಾರಿ ಮುಚ್ಚಿಬಿಟ್ಟೆ. ನೀರು ಒಳಗೇ ನಿಂತು ಚಳಿಗೆ ಹೆಪ್ಪುಗಟ್ತು, ಇಟ್ಟಿಗೆ ಮುಖಾನೇ ಒಡೆದು ಹಾಕ್ತು.”

“ಮೂರು ವರ್ಷ ಎದುರಿಗೇ ಕೂತು ನೋಡ್ತಿದ್ರಲ್ಲ, ಆಗ ನಾಲಿಗೆ ಎಲ್ಲಿಟ್ಟಿದ್ರಿ?”

ಓಡೆಲ್ ಟೋಪಿ ತೆಗೆದು ನೋಡಿ ಮತ್ತೆ ಹಾಕಿಕೊಂಡ.

“ಮೊದಲ್ನೇ ದಿನಾನೇ ಹೇಳೋಕೆ ಬಂದೆ. ನೀನು ಏಣಿ ಮೇಲೆ ಅಳ್ತಾ ಕೆಲಸ ಮಾಡ್ತಿದ್ದೆ. ಸುಮ್ನೆ ವಾಪಸ್ ಹೋದೆ. ಅದು ನನ್ನ ತಪ್ಪು.”

ಅವಳು ಎದ್ದುಬಂದ ಇಟ್ಟಿಗೆ ಚೂರನ್ನು ಕೈಗೆತ್ತಿಕೊಂಡಳು.

“ಈಗೇನು ಮಾಡೋದು?”

“ಸಿಮೆಂಟ್ ಎಲ್ಲಾ ತೆಗೆದು ಮತ್ತೆ ಸುಣ್ಣದ ಗಾರೆ ತುಂಬಬೇಕು. ಯಂತ್ರ ಬೇಡ, ಇಟ್ಟಿಗೆ ಅಂಚು ಕಡಿಯುತ್ತೆ. ಉಳಿ, ಸುತ್ತಿಗೆ ಅಷ್ಟೇ. ನನ್ನ ಭುಜ ಮೇಲೇಳಲ್ಲ, ಬಾಯಿ ಮಾತ್ರ ಕೆಲಸ ಮಾಡುತ್ತೆ.”

“ಈಗ ಮಾಡುತ್ತೆ, ಬಿಡಿ.”

ಆಗಸ್ಟ್ ತಿಂಗಳಿಂದ ದಿನಾ ಮಧ್ಯಾಹ್ನ ಮೂರು ಗಂಟೆಗೆ ಏಣಿ ಹತ್ತುವುದಾಯಿತು. ತಾನೇ ತುಂಬಿದ್ದನ್ನು ತಾನೇ ಕೆತ್ತುವುದು. ಕೆಲವು ಸಂದುಗಳಲ್ಲಿ ಅವಳ ಬೆರಳ ಗುರುತು ಇನ್ನೂ ಹಾಗೇ ಇತ್ತು, ಅವನ್ನೂ ಕೆತ್ತಿದಳು. ಊಟಕ್ಕೆ ಕೂತರೆ ಬೆರಳು ಮಡಚಲಾಗದೆ ಚಮಚ ಜಾರಿ ಬೀಳುತ್ತಿತ್ತು. ಅವಳ ಇಬ್ಬರು ಹೆಣ್ಣುಮಕ್ಕಳೂ ಮೊದಮೊದಲು ನಕ್ಕರು, ಆಮೇಲೆ ಕೇಳದೆಯೇ ತಟ್ಟೆ ತೊಳೆಯತೊಡಗಿದರು.

ಅಕ್ಟೋಬರಿನಲ್ಲಿ ಮಂಡಳಿಯ ಮಿಸೆಸ್ ಡಾಲ್ಕೆ ಬಂದಳು. ಸಿಮೆಂಟ್ ತೆಗೆದ ಸಂದುಗಳನ್ನು ನೋಡಿ ಮೆಚ್ಚಿ ತಲೆಯಾಡಿಸಿದಳು. ಇಟ್ಟಿಗೆಗಳನ್ನು ನೋಡಿ ಆಡಿಸಲಿಲ್ಲ.

“ಇವಕ್ಕೆ ಮುಖಾನೇ ಇಲ್ವಲ್ರೀ. ಹೊಸ ಇಟ್ಟಿಗೆಗೆ ಈ ಪೇಟೇಲಿ ಒಪ್ಪಿಗೆ ಸಿಗಲ್ಲ.”

“ನೂರೈವತ್ತು ವರ್ಷದ ಇಟ್ಟಿಗೇನ ನಾನೆಲ್ಲಿಂದ ಹೆರಲಿ?” ಎಂದಳು ನೋರೀನ್. ದನಿ ಏರಲಿಲ್ಲ, ಆಯಾಸದಿಂದ ಇಳಿಯಿತು.

ಓಡೆಲ್ ನೋವಿಲ್ಲದ ಕೈಯಿಂದ ಒಂದು ಇಟ್ಟಿಗೆಯನ್ನು ಅಲುಗಿಸಿ ಅಲುಗಿಸಿ ಹೊರಗೆಳೆದ. ಹಿಂದುಮುಂದು ಮಾಡಿ ತೋರಿಸಿದ. ಗೋಡೆಯೊಳಗಿನ ಕತ್ತಲಲ್ಲೇ ಇದ್ದ ಆ ಬದಿ ನುಣ್ಣಗೆ, ಕೆಂಪಗೆ, ಮೊನ್ನೆ ಸುಟ್ಟಂತೆ ಇತ್ತು.

“ನಮ್ಮಪ್ಪ ಹೀಗೇ ತಿರುಗಿಸಿ ಕೂರಿಸ್ತಿದ್ದ.”

ಮಿಸೆಸ್ ಡಾಲ್ಕೆ ಅದರ ಮೇಲೆ ಬೆರಳಾಡಿಸಿ ನೋಡಿದಳು.

“ಖಾಲಿ ಮಾಡಿಸೋ ಮಾತು ಬಿಡಿ. ಆದ್ರೆ ಕೆಲಸ ಬಿಡಬೇಡಿ. ಹಿಮ ಬಿದ್ದ ಮೇಲೆ ಗಾರೆ ಕಚ್ಚಲ್ಲ. ಆಗ ಟಾರ್ಪಾಲು ಹೊದಿಸಿ, ವಸಂತದಲ್ಲಿ ಮುಂದುವರಿಸಿ.”

ಅವಳು ಹೋದ ಮೇಲೆ ನೋರೀನ್ ಗೋಡೆಯನ್ನು ಮೇಲಿನ ಕಿಟಕಿಯವರೆಗೂ ನೋಡಿದಳು.

“ಎಲ್ಲಾನೂ ತಿರುಗಿಸ್ಬೇಕಾ?”

“ಮುಖ ಹೋಗಿರೋವಷ್ಟೇ.”

“ಅಂದ್ರೆ ಎಲ್ಲಾನೂ.”

“ಹೆಚ್ಚುಕಮ್ಮಿ.”

ಅವಳು ಅವನ ಕೈಯಿಂದ ಇಟ್ಟಿಗೆ ಇಸಿದುಕೊಂಡು, ಎಲ್ಲಿಂದ ಶುರು ಮಾಡಬೇಕೆಂದು ಕೇಳಿದಳು.