ನುಡಿಸುವುದಲ್ಲ, ರಿಪೇರಿ

೧

ಎಲ್ಲಿಂದ ಶುರು ಮಾಡುವುದು? ವಾದ್ಯದಿಂದ ಶುರು ಮಾಡಿದರೆ ಮನುಷ್ಯರು ಸಣ್ಣವರಾಗಿ ಕಾಣುತ್ತಾರೆ. ನಿಜಕ್ಕೂ ಸಣ್ಣವರೇ. ಡಬಲ್ ಬೇಸ್ ಎದ್ದು ನಿಂತರೆ ಆ ಮನೆಯ ಎಲ್ಲರಿಗಿಂತ ಎತ್ತರ. ಆಕಾರ ಪಿಟೀಲಿನದು, ಆದರೆ ತಬ್ಬಿಕೊಳ್ಳದೆ ನುಡಿಸಲಾಗದಷ್ಟು ದೊಡ್ಡದು. ಮನುಷ್ಯರಿಂದ ಶುರು ಮಾಡೋಣವೆಂದರೆ ಮೊದಲ ಸಾಲಿನಲ್ಲೇ ಒಬ್ಬ ಸತ್ತಿರುತ್ತಾನೆ. ಬಂದವರಿಗೆ ಕುರ್ಚಿ ಕೊಡುವ ಮೊದಲೇ ಸಾವಿನ ಸುದ್ದಿ ಹೇಳುವುದು ಮರ್ಯಾದೆಯಲ್ಲ.

ಹಾಗಾಗಿ ಒಂದು ಶಬ್ದದಿಂದ ಶುರು ಮಾಡುತ್ತೇನೆ. ಟಕ್.

೨

ಟಕ್ ಎಂದದ್ದು ಸುಳ್ಯದ ಹತ್ತಿರ ಅಜ್ಜಾವರದಲ್ಲಿ, ರಸ್ತೆ ಬದಿಯ ತಾರಸಿ ಮನೆಯ ಚಾವಡಿಯಲ್ಲಿ, ಬೆಳಗಿನ ಕಾಫಿಯ ಹೊತ್ತಿಗೆ. ಶೀಲಾವತಿ ಕುರ್ಚಿ ಹತ್ತಿ ನಿಂತು, ತೀರಿಕೊಂಡ ಮಗನ ಡಬಲ್ ಬೇಸಿನ ಬಿರಡೆಗಳನ್ನು ತಿರುಗಿಸಿ, ನಾಲ್ಕೂ ತಂತಿಗಳನ್ನು ಸಡಿಲ ಮಾಡಿದರು. ಮಗ ಉಲ್ಲಾಸ್ ಹೋಗಿ ಕೆಲವು ವಾರಗಳಾಗಿದ್ದವು ಅಷ್ಟೆ. ವರ್ಷ ತುಂಬುವವರೆಗೆ ಮನೆಯಲ್ಲಿ ಹಬ್ಬವಿಲ್ಲ, ಸಂಗೀತವಿಲ್ಲ. ಈ ವಾದ್ಯವೋ, ಬೆಕ್ಕಿನ ಬಾಲ ತಾಗಿದರೂ ಗುಂಯ್ ಎನ್ನುತ್ತದೆ. ತಂತಿ ಸಡಿಲವಿದ್ದರೆ ಅಪ್ಪಿತಪ್ಪಿಯೂ ಸಂಗೀತ ಆಗಲಾರದು ಎಂದು ಅವರ ಲೆಕ್ಕ.

ತಂತಿಗಳನ್ನು ಎತ್ತಿ ಹಿಡಿದಿದ್ದ ಮರದ ಕುದುರೆ ಮಗುಚಿ ನೆಲಕ್ಕೆ ಬಿತ್ತು. ಆಮೇಲೆ ವಾದ್ಯದ ಹೊಟ್ಟೆಯೊಳಗೆ ಆ ಟಕ್.

ಸೊಸೆ ಹೇಮಶ್ರೀ ಒಳಗಿನಿಂದ ಬಂದಳು.

"ಎಂತಾಯ್ತು ಅತ್ತೆ?"

"ಎಂತ ಇಲ್ಲ. ಸ್ವಲ್ಪ ಲೂಸ್ ಮಾಡಿದೆ."

ಹೇಮಶ್ರೀ ಬೇಸನ್ನು ಮೆಲ್ಲ ಓರೆ ಮಾಡಿದಳು. "ಒಳಗೆ ಎಂತದೋ ಉರುಳ್ತಾ ಉಂಟು."

"ಮೊದಲೇ ಉರುಳ್ತಿತ್ತೋ ಏನೋ. ನಾವು ಕಿವಿ ಇಟ್ಟು ಕೇಳಿದ್ದಾ?"

(ಇವರು ಮನೆಯಲ್ಲಿ ಆಡುವುದು ಅರೆಭಾಷೆ. ಕನ್ನಡಕ್ಕೆ ತರುವಾಗ ಅತ್ತೆ ಇರುವುದಕ್ಕಿಂತ ಸ್ವಲ್ಪ ಮೆತ್ತಗಾಗಿದ್ದಾರೆ. ಅವರಿಗೆ ಹೇಳಬೇಡಿ.)

೩

[ಈ ಭಾಗ ತೆಗೆದುಹಾಕಿದ್ದೇನೆ. ಉಲ್ಲಾಸ್ ಹೇಗೆ ಸತ್ತ ಎಂದು ಇದರಲ್ಲಿತ್ತು. ಬೇರೆ ಬೇರೆ ರೀತಿ ಬರೆದು ನೋಡಿದೆ. ಎಲ್ಲದರಲ್ಲೂ ಸತ್ತ.]

೩, ಮತ್ತೊಮ್ಮೆ

ಅವನು ಬದುಕಿದ್ದ ಡ್ರಾಫ್ಟ್ ಕೂಡ ಒಂದಿತ್ತು. ಅದರಲ್ಲಿ ಉಲ್ಲಾಸ್ ಪುತ್ತೂರಿನಿಂದ ಜೀಪಿನಲ್ಲಿ ಬೇಸನ್ನು ಮಲಗಿಸಿಕೊಂಡು ಬರುತ್ತಾನೆ. ಅದರ ಕುತ್ತಿಗೆ ಹಿಂದಿನಿಂದ ಹೊರಗೆ ಚಾಚಿದೆ. ಕಬ್ಬಿಣದ ಸರಳು ಸಾಗಿಸುವವರ ಹಾಗೆ ಅದಕ್ಕೊಂದು ಕೆಂಪು ಬಟ್ಟೆ ಕಟ್ಟಿದ್ದಾನೆ. ಇಳಿಸುತ್ತಾ ಹೆಂಡತಿಗೆ ಹೇಳುತ್ತಾನೆ, "ಇದಕ್ಕೊಂದು ರೂಮ್ ಬೇಕಾದೀತು ಮಾರಾಯ್ತಿ." ಒಳ್ಳೆಯ ಡ್ರಾಫ್ಟು. ಆದರೆ ಕತೆ ಮುಂದೆ ಹೋಗಲಿಲ್ಲ. ಇಬ್ಬರೂ ಊಟ ಮಾಡಿದರು, ಬಟ್ಟೆ ಮಡಚಿದರು, ಮಲಗಿದರು, ಎದ್ದರು. ಪುಟಗಟ್ಟಲೆ ಅಷ್ಟೇ. ನನಗೆ ಬೇಸರ ಬರಲಿಲ್ಲ.

ಹೇಮಶ್ರೀ ಕೇಳಿದಳು, "ಅದನ್ನೇ ಇಟ್ಕೊಳ್ಬಹುದಿತ್ತಲ್ಲ?"

ಓದುಗರು ನಂಬುವುದಿಲ್ಲ ಎಂದೆ.

"ಓದುಗರಾ, ನೀನಾ?"

ಪಾತ್ರಗಳಿಗೆ ಬಾಯಿ ಕೊಡಬಾರದು.

೪

ಉಲ್ಲಾಸನ ಗೆಳೆಯ ಸಂಪ್ರೀತ್ ಪುತ್ತೂರಿನವನು. ಮದುವೆ ಆರ್ಕೆಸ್ಟ್ರಾ ನಡೆಸುತ್ತಾನೆ. ಬೇಸ್ ತಂದಾಗ ಅವನ ತಂಡದಲ್ಲೇ ನುಡಿಸುವುದೆಂದು ಮಾತಾಗಿತ್ತು. ಅವನು ಬಂದು, ಕೂತು, ಕೊಟ್ಟ ಶರಬತ್ತು ಕುಡಿದು ಮೆಲ್ಲ ಬಾಯಿ ಬಿಟ್ಟ.

"ಅದನ್ನು ನಾನು ತಕೊಂಡು ಹೋಗ್ಬಹುದಾ ಅಮ್ಮ? ಇಲ್ಲಿ ಸುಮ್ಮನೆ ನಿಂತ್ರೆ ಮರ ಹಾಳಾಗ್ತದೆ. ನುಡಿಸುವ ಹುಡುಗ ಒಬ್ಬ ಸಿಕ್ಕಿದ್ದಾನೆ."

ಶೀಲಾವತಿಯವರ ಮುಖ ಸಣ್ಣದಾಯಿತು. ಕುರ್ಚಿ ಹತ್ತಿದ್ದು ನೆನಪಾಗಿರಬೇಕು. "ಹಾಳಾದದ್ದನ್ನು ಮನೆಯಿಂದ ಕೊಡ್ಲಿಕ್ಕಾಗುದಿಲ್ಲ. ರಿಪೇರಿ ಮಾಡಿಸಿ ಇಡ್ತೇನೆ, ಆಮೇಲೆ ತಕೊಂಡು ಹೋಗು."

ಸಂಪ್ರೀತ್ ಹೇಮಶ್ರೀಯ ಕಡೆ ತಿರುಗಿದ. "ನಿಮಗೆ ಬೇಕಿತ್ತಾ ಅಕ್ಕ?"

"ಹಾಗೇನಿಲ್ಲ," ಎಂದಳು.

ಆ ವರ್ಷ ಅವಳು ಎಲ್ಲಕ್ಕೂ ಕೊಟ್ಟದ್ದು ಅದೇ ಉತ್ತರ. ಇನ್ನೊಂದು ಸೌಟು ಅನ್ನ? ಹಾಗೇನಿಲ್ಲ. ತಲೆನೋವಾ? ಹಾಗೇನಿಲ್ಲ. ಕಾಲೇಜಿಗೆ ಹೋಗಿ ಪಾಠ ಮಾಡುತ್ತಿದ್ದಳು, ಬರುತ್ತಿದ್ದಳು. ಬೇಕು ಎನ್ನುವ ಪದ ಎಲ್ಲೋ ಕೆಳಗೆ ಬಿದ್ದು ಉರುಳುತ್ತಿತ್ತು.

(ಕೊನೆಯ ವಾಕ್ಯ ತೆಗೆಯಬೇಕೆಂದು ಹೇಮಶ್ರೀ ಹೇಳಿದ್ದಾಳೆ. "ಅದು ವಾದ್ಯದ ಸಮಸ್ಯೆ, ನನ್ನದಲ್ಲ." ನೋಡೋಣ.)

ಕಗ್ಗಂಟು ಇಷ್ಟೇ ಓದುಗರೇ, ಇಲ್ಲಿಯೇ ಹೇಳಿಬಿಡುತ್ತೇನೆ. ರಿಪೇರಿಯಾದರೆ ಬೇಸ್ ಪುತ್ತೂರಿಗೆ ಹೋಗುತ್ತದೆ. ಆಗದಿದ್ದರೆ ಉಳಿಯುತ್ತದೆ, ಆದರೆ ಮೂಕಿಯಾಗಿ. ಹೇಮಶ್ರೀಗೆ ಅದರ ಕೆಳಗಿನ, ಎಲ್ಲಕ್ಕಿಂತ ದಪ್ಪದ ತಂತಿಯನ್ನು ಒಮ್ಮೆಯಾದರೂ ಕೇಳಲೇಬೇಕಾಗಿತ್ತು. "ಇದನ್ನು ಕಿವಿಯಿಂದ ಕೇಳುದಲ್ಲ, ಹತ್ತಿರ ಬಂದು ನಿಂತು ನೋಡು," ಎಂದು ಉಲ್ಲಾಸ್ ಕರೆದಿದ್ದ. ಅವಳಿಗೆ ಉತ್ತರಪತ್ರಿಕೆ ತಿದ್ದುವುದಿತ್ತು.

೫

ಈ ಕಡೆ ಡಬಲ್ ಬೇಸ್ ರಿಪೇರಿ ಮಾಡುವವರು ಯಾರು? ಯಾರೂ ಇಲ್ಲ. ಅದಕ್ಕೇ ತ್ಯಾಂಪಣ್ಣ ಬಂದರು. ಸುಳ್ಯದಲ್ಲಿ ಸೌಂಡ್ಸ್ ಅಂಗಡಿ ಅವರದು. ಮದುವೆ, ಭಜನೆ, ಕ್ರಿಕೆಟ್ ಟೂರ್ನಮೆಂಟು, ಯಾವುದಕ್ಕೂ ಅವರದೇ ಮೈಕು.

"ಇದು ನನಗೆ ಗೊತ್ತಿರುವ ಐಟಂ ಅಲ್ಲ," ಎಂದು ವಾದ್ಯದ ಸುತ್ತ ಒಂದು ಪ್ರದಕ್ಷಿಣೆ ಬಂದರು. "ಆದ್ರೆ ಹೆದರುವಂಥದ್ದು ಎಂತ ಇಲ್ಲ. ಪೆಟ್ಟಿಗೆ ಅಷ್ಟೆ."

ಬೇಸನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿದರು. ಹೇಮಶ್ರೀ ಎಫ್ ಆಕಾರದ ಕಂಡಿಗೆ ಕಣ್ಣಿಟ್ಟು, ಇನ್ನೊಂದು ಕಂಡಿಯಿಂದ ಟಾರ್ಚು ಬಿಟ್ಟಳು.

ಇಲ್ಲಿ ನಾನು ನಿಧಾನ ಮಾಡುತ್ತೇನೆ. ಅವಳೂ ಮಾಡಿದಳು.

ಒಳಗೆ ಒಂದು ಕೋಣೆಯಿತ್ತು. ಹೊರಗಿನ ಮೆರುಗೆಣ್ಣೆ, ಗೀರು, ಕೈಯ ಕಲೆ ಯಾವುದೂ ಅಲ್ಲಿಲ್ಲ. ಹಸಿ ಮರದ ಬಣ್ಣ, ಇವತ್ತು ಬೆಳಿಗ್ಗೆ ಹತ್ತರಿ ಹಿಡಿದ ಹಾಗೆ. ಬದಿಯ ಹಲಗೆಗಳು ಹೊಳೆಯ ದಂಡೆಯಂತೆ ಬಳುಕಿ ಕತ್ತಲೆಗೆ ಹೋಗುತ್ತಿದ್ದವು. ಟಾರ್ಚ್ ಅಲುಗಿದರೆ ಇಡೀ ಕೋಣೆ ಉಸಿರೆಳೆದಂತೆ ಕಾಣುತ್ತಿತ್ತು. ಅಷ್ಟು ದೊಡ್ಡ ಜಾಗ, ಶಬ್ದವೊಂದು ಬಂದು ಇರಲಿ ಎಂದು ಯಾರೋ ಖಾಲಿ ಬಿಟ್ಟದ್ದು. ಮೂಲೆಯಲ್ಲಿ ಹೆಬ್ಬೆರಳಿನ ದಪ್ಪದ ಒಂದು ಮರದ ಕೋಲು ಬಿದ್ದುಕೊಂಡಿತ್ತು.

"ಅದೇ ಬಿದ್ದದ್ದು," ಎಂದಳು. ಫೋನಿನಲ್ಲಿ ವಿಡಿಯೋ ನೋಡಿ ತಿಳಿದುಕೊಂಡಿದ್ದಳು. "ಒಳಗಂಬ. ಕುದುರೆಯ ಕಾಲಿನ ಅಡಿಯಲ್ಲಿ ನಿಲ್ಲುದು."

"ಮತ್ತೆಂತ, ಫೆವಿಕಾಲ್ ಹಾಕುವ."

"ಅಂಟು ಹಾಕ್ಲಿಕ್ಕಿಲ್ಲ ತ್ಯಾಂಪಣ್ಣ. ಮೊಳೆಯೂ ಇಲ್ಲ. ಮೇಲಿನ ಹಲಗೆ ಒತ್ತುತ್ತದೆ, ಕೆಳಗಿನದ್ದು ತಡೀತದೆ. ಅದರಲ್ಲೇ ನಿಲ್ಲುದು."

ತ್ಯಾಂಪಣ್ಣ ಬಗ್ಗಿ ತಾವೂ ಕಂಡಿಗೆ ಕಣ್ಣಿಟ್ಟರು. "ಇಷ್ಟು ದೊಡ್ಡ ಪೆಟ್ಟಿಗೆ," ಎಂದರು ಆಮೇಲೆ, "ಸುಮ್ಮನೆ ನಿಂತ ಒಂದು ಕೋಲಿನ ಮೇಲೆ."

(ಇಲ್ಲಿ ನಾನೊಂದು ವಾಕ್ಯ ಬರೆದಿದ್ದೆ. ಅದರಲ್ಲಿ ಬದುಕು ಎಂಬ ಪದವಿತ್ತು. ಹೇಮಶ್ರೀ ಬೇಡವೆಂದಳು. "ಮರದ ತುಂಡು ಅದು. ಇರಲಿ ಬಿಡು." ತೆಗೆದೆ.)

೬

ಹಳೆಯ ಕೊಡೆಯ ಕಡ್ಡಿಯನ್ನು ಬಗ್ಗಿಸಿ, ತುದಿಯನ್ನು ಚೂಪು ಮಾಡಿ, ಕೋಲನ್ನು ಅದಕ್ಕೆ ಚುಚ್ಚಿ, ಕಂಡಿಯಿಂದ ಒಳಗೆ ತೂರಿಸಿದರು. ಕೋಲು ಬಿತ್ತು. ಮತ್ತೆ ತೂರಿಸಿದರು, ಬಿತ್ತು. ಈ ಭಾಗವನ್ನು ಹಾಗೆಯೇ ಬರೆದರೆ ನೀವು ಪುಟ ತಿರುಗಿಸುತ್ತೀರಿ. ಹೇಮಶ್ರೀ ತಿರುಗಿಸಲಿಲ್ಲ. ಕಾಲೇಜಿನಿಂದ ಬಂದವಳು ದಿನಾ ಚಾಪೆಯ ಮೇಲೆ ಕೂರುತ್ತಿದ್ದಳು. ಒಂದು ಭಾನುವಾರ, ಶೀಲಾವತಿ ಟಾರ್ಚು ಹಿಡಿದಿರುವಾಗ, ಕೋಲು ನಿಂತಿತು. ಕಡ್ಡಿ ಹೊರಗೆಳೆದರೂ ನಿಂತೇ ಇತ್ತು. ಅತ್ತೆ ಸೊಸೆ ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಅದನ್ನು ನೋಡಿದರು, ತೊಟ್ಟಿಲೊಳಗೆ ಇಣುಕುವ ಹಾಗೆ.

ಕುದುರೆ ಏರಿಸಿದರು. ತಂತಿಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿದರು. ಹೇಮಶ್ರೀ ಬೇಸನ್ನು ನಿಲ್ಲಿಸಿ, ಪಕ್ಕೆಗೆ ಒರಗಿಸಿಕೊಂಡು, ಎಲ್ಲಕ್ಕಿಂತ ದಪ್ಪದ ತಂತಿಯನ್ನು ಎಳೆದು ಬಿಟ್ಟಳು.

ಮೊದಲು ಗೊತ್ತಾದದ್ದು ಅವಳ ಸೊಂಟದ ಮೂಳೆಗೆ. ಆಮೇಲೆ ಅಂಗಾಲಿಗೆ. ಕಿವಿಗೆ ಬಂದದ್ದು ಕೊನೆಯಲ್ಲಿ, ಅದೂ ದೂರದಿಂದ ಬಂದಂತೆ.

ನನ್ನ ಯೋಜನೆಯ ಪ್ರಕಾರ ಅವಳು ಇಲ್ಲಿ ಅಳಬೇಕಿತ್ತು. ಅವನು ಹೋದಂದಿನಿಂದ ಅಳದವಳು, ಈ ಒಂದು ಸ್ವರಕ್ಕೆ. ಆ ಪುಟ ಸಿದ್ಧವಿತ್ತು. ಅವಳು ಅಳಲಿಲ್ಲ. ಬಾಯಿ ಸ್ವಲ್ಪ ತೆರೆದುಕೊಂಡು ನಿಂತಳು, ಮೊದಲ ಸಲ ಸಮುದ್ರ ಕಂಡ ಮಗುವಿನ ಹಾಗೆ. ಮತ್ತೊಮ್ಮೆ ಎಳೆದಳು.

ಹೊರಗಿನಿಂದ ಪಕ್ಕದ ಮನೆಯ ಅಮ್ಮು ಕೂಗಿದಳು, "ಎಂತ ಶೀಲಕ್ಕ, ವರ್ಷ ಆಗುವ ಮೊದಲೇ ಸಂಗೀತವಾ?"

"ಸಂಗೀತ ಎಂಥದ್ದು? ರಿಪೇರಿ," ಎಂದರು ಶೀಲಾವತಿ.

೭

ಆಮೇಲಿನ ತಿಂಗಳುಗಳಲ್ಲಿ ಆ ಮನೆಯಲ್ಲಿ ಸಂಗೀತ ಇರಲಿಲ್ಲ. ರಿಪೇರಿ ಮಾತ್ರ ನಡೆಯಿತು. ತಂತಿಯ ಬಿಗಿ ಹೆಚ್ಚಾಯಿತೇ ಎಂದು ನೋಡುವುದು ರಿಪೇರಿ. ಕುತ್ತಿಗೆಯ ಮೇಲೆ ಎಲ್ಲಿ ಒತ್ತಿದರೆ ಯಾವ ಸ್ವರ ಎಂದು ಹುಡುಕುವುದೂ ರಿಪೇರಿ, ಗೆರೆ ಹಾಕಿಲ್ಲದ ಆ ಕರಿಮರದಲ್ಲಿ ಬೆರಳು ಕತ್ತಲೆಯಲ್ಲಿ ನಡೆದ ಹಾಗೆ ನಡೆಯಬೇಕು. ಮೇಲೆ ಹೋಗಿ ಕೆಳಗೆ ಬರುವುದು ಎಲ್ಲ ಸ್ವರಗಳ ತಪಾಸಣೆ. ಬೆರಳ ತುದಿಯಲ್ಲಿ ಬೊಬ್ಬೆ ಎದ್ದವು, ಒಡೆದವು, ಗಟ್ಟಿಯಾದವು. ಎಷ್ಟೋ ತಿಂಗಳ ನಂತರ ಅವಳು ನೋವು ಎಂದು ಕರೆದದ್ದು ಅದನ್ನೇ.

ಒಂದು ಸಂಜೆ ಅಡಿಗೆಮನೆಯಿಂದ ಅತ್ತೆಯ ದನಿ ಬಂತು, "ಇವತ್ತು ರಿಪೇರಿ ಇಲ್ವಾ?"

"ಬೆರಳು ನೋಯ್ತದೆ ಅತ್ತೆ."

"ಹಾಗಾದ್ರೆ ಆ ನಿನ್ನೆಯದ್ದು ಮಾತ್ರ ಮಾಡು. ಮೇಲಿನಿಂದ ಇಳಿದು ಬರ್ತದಲ್ಲ, ಆ ರಿಪೇರಿ."

೮

ಬಯಲಲ್ಲಿ ನುಡಿಸುವುದಕ್ಕೆ, ವಾದ್ಯದ ನಡುಕ ಹಿಡಿದು ಸ್ಪೀಕರಿಗೆ ಕೊಡುವ ಪಿಕಪ್ ಬೇಕು ಎಂದು ಸಂಪ್ರೀತ್ ಫೋನ್ ಮಾಡಿದ. ತ್ಯಾಂಪಣ್ಣ ಕುದುರೆಯ ಕಾಲಿನಡಿ ಸಣ್ಣ ಬಿಲ್ಲೆಯೊಂದನ್ನು ಸಿಕ್ಕಿಸಿ, ವಯರ್ ಎಳೆದು, ಅಂಗಡಿಯ ದೊಡ್ಡ ಸ್ಪೀಕರ್ ಬಾಕ್ಸಿಗೆ ಕೊಟ್ಟರು. ಸ್ವಿಚ್ ಹಾಕಿದ ಕೂಡಲೇ ವಾದ್ಯ ಮುಟ್ಟದೆಯೇ ಊಳಿಡತೊಡಗಿತು. ಬೆಕ್ಕು ಈ ಕತೆಯಿಂದಲೇ ಓಡಿಹೋಯಿತು.

"ಬಾಕ್ಸಿನ ಲೋ ನಾಬ್ ಎಷ್ಟಕ್ಕೆ ಇಟ್ಟಿದ್ದೀರಿ ತ್ಯಾಂಪಣ್ಣ?"

"ಫುಲ್. ಇದು ಬೇಸ್ ಅಲ್ವಾ?"

ಹೇಮಶ್ರೀ ಅದನ್ನು ಇಳಿಸಿದಳು. ಬಾಕ್ಸನ್ನು ವಾದ್ಯದ ಎದುರಿನಿಂದ ಬದಿಗೆ ಸರಿಸಿದಳು. ಮೈ ಒರೆಸುವ ಒಂದು ಬೈರಾಸನ್ನು ಸುತ್ತಿ ಕಂಡಿಗೆ ತುರುಕಿದಳು. ಊಳು ನಿಂತಿತು. ಆಮೇಲೆ ಕೆಳಗಿನ ತಂತಿ.

ಗೋಡೆಯ ಸ್ಟ್ಯಾಂಡಿನಲ್ಲಿದ್ದ ಸ್ಟೀಲಿನ ತಟ್ಟೆಗಳು ಒಂದಕ್ಕೊಂದು ಪಿಸುಗುಟ್ಟಿದವು. ಕಿಟಕಿಯ ಗಾಜು ಗುನುಗಿತು. ಶೀಲಾವತಿ ಕೊಡಪಾನದ ನೀರು ನೋಡುತ್ತಾ ನಿಂತರು. ಯಾರೂ ಮುಟ್ಟದ ನೀರಿನ ಮೇಲೆ ಉಂಗುರಗಳು, ಒಳಗಿನಿಂದ ಹೊರಗೆ. ಅವರು ಅಂಗೈಯನ್ನು ಮೆಲ್ಲ ಗೋಡೆಗೆ ಇಟ್ಟರು. ಗೋಡೆಯಲ್ಲೂ ಅದು ಇತ್ತು. ಮನೆಯಲ್ಲಿ ಅದು ಇಲ್ಲದ ಜಾಗ ಇರಲಿಲ್ಲ.

(ಅಕ್ಷರಕ್ಕೆ ಇಂಥ ಬಾಕ್ಸ್ ಇಲ್ಲ. ನೀವು ಓದುತ್ತಿರುವ ಪುಟ ನಡುಗುತ್ತಿಲ್ಲ. ಇದಕ್ಕೆ ನಾನೇನೂ ಮಾಡುವಂತಿಲ್ಲ.)

೯

ಸಂಪ್ರೀತ್ ವ್ಯಾನು ತಂದ. ಹಿಂದಿನ ಬಾಗಿಲು ತೆರೆದಿಟ್ಟೇ ಒಳಗೆ ಬಂದ. ಹೇಮಶ್ರೀ ತೋರಿಸಲೆಂದು ಸ್ವಲ್ಪ ನುಡಿಸಿದಳು. ಅಲ್ಲ, ರಿಪೇರಿ ಮಾಡಿದಳು.

"ಅಬ್ಬ," ಎಂದ ಅವನು. "ಈಗ ಏರಿಸುವನಾ?"

"ಸರಿಯಾಗ್ಲಿಲ್ಲ ಅದು," ಎಂದರು ಶೀಲಾವತಿ, ಅಡಿಗೆಮನೆಯ ಬಾಗಿಲಿನಿಂದ.

"ಎಂತ ಅಮ್ಮ? ಚಂದ ಕೇಳ್ತದಲ್ಲ."

"ನಿನಗೆ ಕೇಳ್ತದೆ. ನಾನು ದಿನಾ ಕೇಳುವವಳು. ರಿಪೇರಿ ಇನ್ನೂ ಸುಮಾರು ಉಂಟು. ಮುಂದಿನ ವರ್ಷವೂ ಬೇಕಾದೀತು."

"ಪಿಕಪ್ ಸರಿ ಉಂಟು ಶೀಲಕ್ಕ, ನಾನೇ ಹಾಕಿದ್ದು," ಎಂದರು ವ್ಯಾನಿಗೆ ಏರಿಸಲು ಕೈಕೊಡಲೆಂದು ಬಂದಿದ್ದ ತ್ಯಾಂಪಣ್ಣ.

"ನೀನು ಸುಮ್ಮನಿರು ಮಾರಾಯ."

ಇಲ್ಲಿಗೆ ಮುಗಿಸಬೇಕೆಂದು ನನ್ನ ಆಸೆ. ಬುದ್ಧಿಯಿರುವ ಯಾವ ಕತೆಗಾರ್ತಿಯೂ ಇಲ್ಲಿಗೇ ಮುಗಿಸುತ್ತಾಳೆ. ಪೂರ್ಣವಿರಾಮ ಹಾಕಿ ಕಾಫಿ ಮಾಡಲು ಎದ್ದೆ. ಬಂದು ನೋಡಿದರೆ ಹೇಮಶ್ರೀ ಮಾತಾಡಿಯಾಗಿತ್ತು.

"ಇಲ್ಲ ಅತ್ತೆ. ಅದು ಸರಿ ಉಂಟು. ಎಲ್ಲ ಸರಿ ಉಂಟು." ಆಮೇಲೆ ಸಂಪ್ರೀತನಿಗೆ, "ಆದ್ರೆ ನಂಗೆ ಬೇಕು ಅದು."

ನಾನು ಬರೆದದ್ದಲ್ಲ. ಅತ್ತೆ ಅಷ್ಟು ಚಂದ ಸುಳ್ಳು ಹೇಳಿ ಚಾಪೆ ಹಾಸಿದ್ದರಲ್ಲ, ಕೂತುಬಿಡಬಾರದಿತ್ತೇ ಎಂದು ಕೇಳಿದೆ. "ಸುಳ್ಳಿನ ಮೇಲೆ ಇದು ನಿಲ್ಲುದಿಲ್ಲ," ಎಂದಳು. ರೂಪಕ ಬೇಡವೆಂದವಳು ಅವಳೇ.

ಈಗ ನನ್ನ ಪಾಡು ನೋಡಿ. ಸಂಪ್ರೀತನಿಗೆ ಕೊಟ್ಟ ಮಾತು ಹಾಗೆಯೇ ಇದೆ. ಅವನು ಕೆಟ್ಟವನಲ್ಲ, ಕೀಲಿಕೈ ಹಿಡಿದು ನಿಂತಿದ್ದಾನೆ. ಅವನು ಬೇಸನ್ನು ಏರಿಸಿಕೊಂಡು ಹೋದದ್ದನ್ನು ಒಂದು ಕಡೆ ಬರೆದೆ, ಮನೆ ಖಾಲಿಯಾಯಿತು, ಹರಿದೆ. ವ್ಯಾನಿನಲ್ಲಿ ಹೇಮಶ್ರೀಯನ್ನೂ ಕೂರಿಸಿ ಪುತ್ತೂರಿನ ವೇದಿಕೆ ಹತ್ತಿಸಿದೆ, ಚಪ್ಪಾಳೆಯವರೆಗೂ ಹೋಯಿತು, ನಂಬಲಾಗಲಿಲ್ಲ. ವ್ಯಾನು ಖಾಲಿ ಹೋಗುವ ಕೊನೆಯೂ ಇದೆ. ಆದರೆ ಅದರಲ್ಲೂ ಒಂದು ತೊಡಕು. ವರ್ಷ ಇನ್ನೂ ತುಂಬಿಲ್ಲ.

ಅದನ್ನು ಮೊದಲು ಗಮನಿಸಿದವರು ಶೀಲಾವತಿ.

"ಹಾಗಾದ್ರೆ ರಿಪೇರಿ ಮುಗೀತು," ಎಂದರು. ಇನ್ನು ಹೊರಡುವ ಶಬ್ದಕ್ಕೆ ಸಂಗೀತವೆಂದಲ್ಲದೆ ಬೇರೆ ಹೆಸರಿಲ್ಲ. ಎಲ್ಲರಿಗೂ ಅರ್ಥವಾಯಿತು. ಅವರು ಒಳಗೆ ಹೋಗಲಿಲ್ಲ. ಹೊಸ್ತಿಲ ಮೇಲೆಯೇ, ಮೊಣಕಾಲು ಹಿಡಿದುಕೊಂಡು, ಮೆಲ್ಲ ಕೂತರು. ಕೂತು ಸೊಸೆಯ ಕೈಯನ್ನೇ ನೋಡಿದರು.

ಬೆರಳು ಕೆಳಗಿನ ತಂತಿಯ ಮೇಲಿದೆ. ಎಳೆದಿದ್ದಾಳೆ. ಬಿಟ್ಟಿಲ್ಲ.